ಅತ್ತೆ ಕಸಿದ ಡಬ್ಬಿ

ಬಾಳೆಯ ಕರೆ ಕುಡಿದು ಕಪ್ಪಾದ ಹೆಬ್ಬೆರಳಿನ ಉಗುರು. ನನ್ನ ಸೋದರತ್ತೆ ಎಂದರೆ ಮೊದಲು ಅದೇ ಕಣ್ಣಿಗೆ ಬರುತ್ತದೆ. ಆ ಉಗುರಿನಲ್ಲಿ ಹಣ್ಣನ್ನು ಒತ್ತಿ ನೋಡುತ್ತಿದ್ದಳು, ಮನುಷ್ಯರನ್ನೂ ಅಷ್ಟೇ. ಎಲ್ಲಿ ಮೆತ್ತಗಿದೆಯೋ ಅಲ್ಲಿ ಉಗುರು ಇಳಿಯುತ್ತಿತ್ತು. ಕಮಲಾಪುರದ ಕೆಂಪು ಬಾಳೆಯನ್ನು ತೋಟದಲ್ಲೇ ಚೌಕಾಸಿ ಮಾಡಿ ಕೊಂಡು ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಮಾರುವುದು ಅವಳ ಕಸುಬು. ಹಳೆಯ ಪೆಟ್ರೋಲ್ ವ್ಯಾನು ಅವಳದು, ಓಡಿಸುವವನು ನಾನು. ವ್ಯಾಪಾರ ಕಲಿತದ್ದೂ ಅವಳಿಂದಲೇ. ಯಾರಿಗಾದರೂ ಒಂದು ಹಣ್ಣು ಹೆಚ್ಚಿಗೆ ಕೊಟ್ಟರೆ, "ಅಳಿಯಾ, ಮರುಕ ಕಿಲೋಕ್ಕ ಎಷ್ಟರಂಗ ಮಾರ್ತಿ?" ಎಂದು ಗಿರಾಕಿಗಳ ಎದುರೇ ನನ್ನ ಮಾನ ಕಳೆಯುತ್ತಿದ್ದಳು.

ಬೇಸಿಗೆಯಲ್ಲಿ ವ್ಯಾನು ನಡುದಾರಿಯಲ್ಲಿ ನಿಲ್ಲತೊಡಗಿತು. ಕಿಡಿ ಹೊಡೆಸುವ ಇಗ್ನಿಷನ್ ಮಾಡ್ಯೂಲ್, ಬೆಂಕಿಪೊಟ್ಟಣದಷ್ಟು ಗಾತ್ರದ ಕರಿ ತುಂಡು, ಎಂಜಿನ್ನಿಗೆ ಅಂಟಿಕೊಂಡೇ ಇತ್ತು. ಕಾದರೆ ಸಾಯುತ್ತಿತ್ತು, ಆರಿದರೆ ಏಳುತ್ತಿತ್ತು. ಮೆಕ್ಯಾನಿಕ್ ಹೊಸದು ಹಾಕಿಸಿ ಎಂದ. ಅತ್ತೆ ಒಪ್ಪಲಿಲ್ಲ.

"ಒಲಿ ಮುಂದ ಕುಂದ್ರಸಿದ್ರ ಯಾರಾದ್ರೂ ಒದ್ದಾಡ್ತಾರ. ಎತ್ತಿ ಗಾಳ್ಯಾಗ ಕುಂದ್ರಸು."

ಮನೆಯಲ್ಲೇ ಬಿಚ್ಚಿ, ವೈರು ಉದ್ದ ಮಾಡಿ, ಡ್ಯಾಶ್‌ಬೋರ್ಡಿನ ಕೆಳಗೆ ಸಾಬೂನಿನ ಪ್ಲಾಸ್ಟಿಕ್ ಡಬ್ಬಿಯೊಳಗೆ ಅದನ್ನು ಕೂರಿಸಿದೆ. ನೀವು ಹಾಗೆ ಮಾಡಬೇಡಿ. ಪ್ಲಾಸ್ಟಿಕ್ಕು ಬಿಸಿಯನ್ನು ಹೊರಗೆ ಬಿಡುವುದಿಲ್ಲ.

ಅದು ಗೊತ್ತಾದದ್ದು ಅತ್ತೆಯ ಗಂಡನನ್ನು, ನಮ್ಮ ಮಾವನನ್ನು, ಕಲಬುರಗಿಯ ಆಸ್ಪತ್ರೆಗೆ ಒಯ್ಯುವ ದಿನ. ಹಿಂದೆ ಬಾಳೆಗೊನೆ, ಮುಂದೆ ಮಾವ. ಸುಡುಬಿಸಿಲಿನಲ್ಲಿ ವ್ಯಾನು ನಿಂತಿತು. ಅತ್ತೆ ಒಂದು ಟೆಂಪೋ ತಡೆದು ಗೊನೆಗಳನ್ನೆಲ್ಲ ಏರಿಸಿದಳು. ಒಬ್ಬರು ಕೂರುವಷ್ಟು ಜಾಗ ಉಳಿಯಿತು. ಅಲ್ಲಿ ತಾನೇ ಹತ್ತಿ ಕೂತಳು.

"ಅತ್ತೀ, ಮಾವಗ ಮೊದಲ ಕಳಸೂನು."

"ಹಣ್ಣು ಸಂಜಿತನಾ ತಡ್ಯಂಗಿಲ್ಲ. ಇವರು ತಡೀತಾರ."

ಟೆಂಪೋ ಹೋಯಿತು. ಮಾವ ಬೇವಿನ ನೆರಳಲ್ಲಿ ಕೂತು ನಕ್ಕ. "ನನ್ ರೇಟ್ ಬಿದ್ದದ ನೋಡಪಾ ಅಳಿಯಾ." ಮಾಡ್ಯೂಲ್ ಆರಿದ ಮೇಲೆ ಅವನನ್ನು ಆಸ್ಪತ್ರೆಗೆ ಮುಟ್ಟಿಸಿ, ತೋರಿಸಿಕೊಂಡು ರಾತ್ರಿ ಮನೆಗೆ ಮರಳಿದೆವು.

ಅವನ ಕೈಯಲ್ಲಿ ಸದಾ ಒಂದು ಎಲೆ-ಅಡಿಕೆಯ ಡಬ್ಬಿ. ದಪ್ಪ ಅಲ್ಯೂಮಿನಿಯಮ್ಮಿನದು, ನಮ್ಮ ಕಡೆ ಜರ್ಮನ್ ಎನ್ನುತ್ತೇವೆ. ಡಾಕ್ಟರು ಎಲೆ ಅಡಿಕೆ ಬಿಡಿಸಿದ ಮೇಲೂ ಖಾಲಿ ಡಬ್ಬಿಯನ್ನು ತೆರೆದು, ಲವಂಗದ ವಾಸನೆ ಮೂಸಿ, ಮುಚ್ಚುತ್ತಿದ್ದ. ಮರುದಿನ ಅತ್ತೆ ಅದನ್ನು ಅವನ ಕೈಯಿಂದ ಕಿತ್ತಳು.

"ಅದೊಂದಾದ್ರೂ ಬಿಡು ನನಗ," ಎಂದ ಮಾವ.

"ಖಾಲಿ ಡಬ್ಬಿ ಎಷ್ಟಂತ ಮೂಸ್ತೀರಿ? ಬಂಡಿಗಾದ್ರೂ ಉಪಯೋಗ ಆಗ್ಲಿ."

ಅವನೆದುರೇ ನನ್ನಿಂದ ತೂತು ಕೊರೆಸಿದಳು. ಕೆಲಸ ಮಾತ್ರ ಚೊಕ್ಕವಾಯಿತು. ಟಿವಿ ರಿಪೇರಿ ಅಂಗಡಿಯಲ್ಲಿ ಸಿಗುವ ಬಿಳಿ ಪೇಸ್ಟನ್ನು ತೆಳ್ಳಗೆ ಬಳಿದು ಮಾಡ್ಯೂಲನ್ನು ತಳಕ್ಕೆ ಒತ್ತಿ ಬಿಗಿದರೆ ಬಿಸಿ ಲೋಹಕ್ಕೆ ಇಳಿಯುತ್ತದೆ. ತೂತಿನ ಅಂಚಿಗೆ ರಬ್ಬರ್ ಹಾಕಬೇಕು, ಇಲ್ಲದಿದ್ದರೆ ವೈರು ಕತ್ತರಿಸಿಹೋಗುತ್ತದೆ. ಅರ್ಥಿಂಗ್ ವೈರನ್ನು ವ್ಯಾನಿನ ಬಣ್ಣ ಕೆರೆದ ತಗಡಿಗೇ ಕೊಡಿ. ಮಾವ ಹಾಸಿಗೆಯಿಂದ ಪ್ರತಿ ತೂತನ್ನೂ ನೋಡಿದ. ಅವನ ಬೆರಳುಗಳು ಡಬ್ಬಿ ಹಿಡಿದಂತೆಯೇ ಮಡಚಿಕೊಂಡಿದ್ದವು.

ಆಮೇಲೆ ವ್ಯಾನು ಎಲ್ಲೂ ನಿಲ್ಲಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರು ಕೈಚೆಲ್ಲಿದ ದಿನ ಮಾವ ಕೇಳಿದ್ದು ಒಂದೇ. "ನನ್ ಮನ್ಯಾಗ ಸಾಯ್ತೀನಿ. ಕಮಲಾಪುರ ಮುಟ್ಟಸ್ರಿ." ಮಟಮಟ ಮಧ್ಯಾಹ್ನ ಹೊರಟೆವು. ಗೊನೆ ಹಾಕುವ ಜಾಗದಲ್ಲಿ ಒಣ ಬಾಳೆಲೆ ಹಾಸಿ ಅವನನ್ನು ಮಲಗಿಸಿದ್ದೆವು. ಡಬ್ಬಿ ಕಾದ ಹಾಗೆ ಲವಂಗದ ವಾಸನೆ ವ್ಯಾನಿನಲ್ಲೆಲ್ಲ ಹರಡಿತು. ಮಾವ ಕಣ್ಣು ತೆರೆದ.

"ನನ್ ಡಬ್ಬಿ... ಒಮ್ಮಿ ಕೈಯಾಗ ಕೊಡು."

ನನ್ನ ಕಾಲು ಬ್ರೇಕಿಗೆ ಹೋಯಿತು. ಅತ್ತೆಯ ಉಗುರು ನನ್ನ ತೋಳಿಗಿಳಿಯಿತು.

"ನಿಲ್ಲಸಬ್ಯಾಡ. ಡಬ್ಬಿ ಬಿಚ್ಚಿದ್ರ ಬಂಡಿ ಸಾಯ್ತದ. ಮನಿ ಬೇಕೋ ಡಬ್ಬಿ ಬೇಕೋ, ಕೇಳು ಅವರಿಗಿ."

ಬ್ರೇಕಿನಿಂದ ಕಾಲು ತೆಗೆದೆ. ಹೊಸ್ತಿಲು ದಾಟಿಸಿದಾಗ ಮಾವನಿಗೆ ಉಸಿರಿತ್ತು. ಚಹಾ ಕುದಿಯುವಷ್ಟರಲ್ಲಿ ಹೋದ. ಮಣ್ಣು ಮಾಡುವಾಗ ಓಣಿಯ ಹಿರಿಯರೊಬ್ಬರು, "ಡಬ್ಬಿ ಅವನ ಜೋಡಿ ಇಟ್ಟುಬಿಡವ್ವಾ," ಎಂದರು.

"ಕೇಳಿದ್ದು ಮನಿ, ಮುಟ್ಟಸೀನಿ," ಎಂದಳು ಅತ್ತೆ, ಕುಣಿಯ ಅಂಚಿನಲ್ಲೇ ನಿಂತು. "ನಾಳಿ ಗೊನಿ ನೀವು ಹೊತ್ಕೊಂಡು ಹೋಗ್ತೀರೇನ್ರಿ?"

ಮರುದಿನ ಸೂಪರ್ ಮಾರ್ಕೆಟ್ಟಿಗೆ ಹೊರಟೇಬಿಟ್ಟಳು. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡಿನ ಕೆಳಗೆ ಬಗ್ಗಿ, ಡಬ್ಬಿಯ ಮೇಲೆ ಅಂಗೈ ಇಟ್ಟುಕೊಂಡಿದ್ದಳು. ಏನದು ಎಂದು ಕೇಳಿದ್ದಕ್ಕೆ, "ಬಿಸಿ ನೋಡಾಕತ್ತೀನಿ, ನೀ ದಾರಿ ನೋಡು," ಎಂದಳು. ಅಂದು ಯಾರಿಗೂ ಒಂದು ಹಣ್ಣನ್ನೂ ಸೋವಿಗೆ ಕೊಡಲಿಲ್ಲ.

ಅತ್ತೆ ಹೋದದ್ದು ಈ ಬೇಸಿಗೆಯಲ್ಲಿ. ಮಾವನ ಪಕ್ಕದಲ್ಲೇ ಕುಣಿ ತೋಡಿದರು. ಅದೇ ಹಿರಿಯರು ಡಬ್ಬಿಯಿದ್ದ ವ್ಯಾನಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. ತೋಟದಲ್ಲಿ ಕಡಿದಿಟ್ಟ ಗೊನೆಗಳು ಬಿಸಿಲಿಗೆ ಬಿದ್ದಿದ್ದವು. ಮಣ್ಣು ಹಾಕಿ, ಕೈ ತೊಳೆದು, ಕೀಲಿ ತಿರುವಿದೆ. ವ್ಯಾನು ಒಂದೇ ಸಲಕ್ಕೆ ಹೊತ್ತಿಕೊಂಡಿತು.