ಮದುವೆಯ ಕನ್ನಡಿಯಲ್ಲಿ ನನ್ನ ಗಂಡ

ಅವತ್ತು ಬೆಳಿಗ್ಗೆ ನಾನು ಬದನೆಕಾಯಿ ಹುರಿಯುತ್ತಿದ್ದೆ. ನನ್ನ ಗಂಡ ಯಾದುಲ್ಲಾ ಕತ್ತಲೆ ಕೋಣೆಯಿಂದ ಒದ್ದೆ ಫೋಟೋ ಹಿಡಿದು ಬಂದರು.

"ಬತೂಲ್, ನೋಡಿಲ್ಲಿ. ನಿನ್ನ ಗಂಡ ಇನ್ನೊಂದು ಮದುವೆ ಆಗಿದಾನೆ."

ಹಿಂದಿನ ದಿನ ನಮ್ಮ ಬೀದಿಯ ಇಶ್ರತ್ ಖಾನುಂ ಮಗಳು ಮಹೀನಳ ಮದುವೆ. ನಮ್ಮ ಯಜ್ದ್ ಊರಿನಲ್ಲಿ ಮದುಮಗ ಹೆಣ್ಣಿನ ಮುಖವನ್ನು ಮೊದಲು ಕನ್ನಡಿಯಲ್ಲೇ ನೋಡಬೇಕು. ಇಬ್ಬರನ್ನೂ ಅದರ ಮುಂದೆ ಕೂರಿಸಿ ಮುಸುಕು ಸರಿಸುತ್ತಾರೆ. ಆ ಒಂದು ಫೋಟೋಗಾಗಿಯೇ ಜನ ಇವರನ್ನು ಕರೆಯುತ್ತಿದ್ದದ್ದು. ಕನ್ನಡಿಯಲ್ಲಿ ಇಬ್ಬರು ಬೀಳಬೇಕು, ತೆಗೆಯುವವನು ಬೀಳಬಾರದು. ಮೂರನೆಯ ಮುಖ ಅಪಶಕುನ. ಇವರು ಕನ್ನಡಿಯ ಕಾಲಿಗೆ ಒಂದು ಸಕ್ಕರೆ ತುಂಡು ಒತ್ತುಕೊಟ್ಟು, ಅದನ್ನು ಕೊಂಚ ವಾಲಿಸಿ, ತಾವು ಮರೆಯಾಗುತ್ತಿದ್ದರು.

ಮದುವೆ ಹೊಟ್ಟೆಪಾಡು. ಚಟ ಬೇರೆ. ಕಿಟಕಿಯ ಬಣ್ಣದ ಗಾಜು, ಕೊಳದ ನೀರು, ಚಹಾ ಕಾಯಿಸುವ ಸಮೋವರಿನ ಹೊಳೆಯುವ ಹೊಟ್ಟೆ, ಎಲ್ಲಿ ಮುಖ ಕಂಡರೂ ಅಲ್ಲೇ ನಿಂತುಬಿಡುತ್ತಿದ್ದರು. ಒಮ್ಮೆ ನಾನು ಕಿಟಕಿ ಬಳಿ ಸೊಪ್ಪು ಬಿಡಿಸುತ್ತಿದ್ದಾಗ ಹೊರಗಿನಿಂದ ತೆಗೆದರು. ಗಾಜಿನಲ್ಲಿ ಎದುರು ಮನೆಯ ಛಾವಣಿ ಮೇಲಿನ, ಒಳಗೆ ಗಾಳಿ ಇಳಿಸುವ ಗೋಪುರ ಬಿದ್ದಿತ್ತು, ಅದರ ಕೆಳಗೆ ನಾನು.

"ನನ್ನ ತಲೆ ಮೇಲೆ ಗೋಪುರ ಕಟ್ಟಿದೀರಲ್ಲ" ಅಂದೆ.

"ಒಳಗೆ ಬರೀ ಗಾಳಿ ಇದೆಯಲ್ಲ, ಅದಕ್ಕೆ."

ಈ ಒದ್ದೆ ಫೋಟೋದಲ್ಲಿ ಮಹೀನ್ ಈ ಕಡೆ, ಅವಳ ಗಂಡ ಆ ಕಡೆ. ನಡುವೆ ನಮ್ಮವರು. ಒಂದು ಕಣ್ಣು ಮುಚ್ಚಿ, ನಾಲಗೆ ತುದಿ ಹಲ್ಲಲ್ಲಿ ಕಚ್ಚಿ.

"ಸಕ್ಕರೆ ಎಲ್ಲಿ ಹೋಯ್ತು?"

"ಇಶ್ರತ್ ಖಾನುಂ ಚಹಾ ಜೊತೆ ಬಾಯಿಗೆ ಹಾಕ್ಕೊಂಡಿದ್ರು. ನಾನು ಆಮೇಲೆ ನೋಡಿದೆ. ಬೇರೆ ತುಂಡು ಇಟ್ಟು ಇನ್ನೊಂದು ತೆಗೆದೆ. ಅವರಿಗೆ ಹೇಳ್ಬೇಡ, ನಾಚ್ಕೋತಾರೆ."

ಸಂಜೆ ಆಕೆಯೇ ಫೋಟೋ ಒಯ್ಯಲು ಬಂದರು. ಒಣಗಲು ಹಗ್ಗದ ಮೇಲೆ ಹಾಕಿದ್ದ ಇದನ್ನೂ ಕಂಡರು. "ಯಾದುಲ್ಲಾ ಆಗಾ, ನನಗೆ ಒಬ್ಬ ಅಳಿಯ ಸಾಕಾಗಿತ್ತು."

"ಮದುಮಗಳಿಗೆ ಮೆಹರ್ ಕೊಡೋಕೆ ದುಡ್ಡಿರ್ಲಿಲ್ಲ ಖಾನುಂ, ಅದಕ್ಕೆ ಹಿಂದೆ ಕೂತೆ."

ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತು ಶಕುನ ಯಾರಿಗೂ ನೆನಪಾಗಲಿಲ್ಲ.

ಮರುದಿನ ಬೆಳಿಗ್ಗೆ ರೊಟ್ಟಿ ತರಲು ಹೋದ ನಮ್ಮವರು ಅಂಗಡಿ ಮುಂದಿನ ಸಾಲಿನಲ್ಲೇ ಬಿದ್ದರು. ಎದೆ ನಿಂತುಹೋಗಿತ್ತು. ರೊಟ್ಟಿಯವನೇ ಅಂಗಡಿ ಬಿಟ್ಟು ಹೊತ್ತು ತಂದ.

ಮಸೀದಿಯ ಶೋಕಸಭೆಯಲ್ಲಿ ಇಡಲು ಅವರ ಫೋಟೋ ಬೇಕು ಅಂದರು. ಊರಿನವರ ಮುಖವೆಲ್ಲ ತೆಗೆದವರದ್ದು ಒಂದೂ ಇರಲಿಲ್ಲ. ಗುರುತಿನ ಚೀಟಿಯದ್ದನ್ನು ಮೈದುನ ದೊಡ್ಡದು ಮಾಡಿಸಿ ತಂದ. ಅದರಲ್ಲಿದ್ದದ್ದು ಮೀಸೆ ಮೂಡದ ಹುಡುಗ. ಅವನನ್ನು ನಾನು ನೋಡಿಯೇ ಇಲ್ಲ. ನನ್ನವರಿದ್ದದ್ದು ಆ ಕೆಟ್ಟ ಫೋಟೋದಲ್ಲಿ. ಅದನ್ನು ದಿಂಬಿನ ಕೆಳಗೆ ಇಟ್ಟುಕೊಂಡೆ.

ಏಳನೆಯ ದಿನದ ಊಟ ಮುಗಿದ ಮೇಲೆ ಇಶ್ರತ್ ಖಾನುಂ ಮಗಳನ್ನು ಕರೆದುಕೊಂಡು ಬಂದರು. ಮಹೀನಳ ಕೈಯ ಗೋರಂಟಿ ಇನ್ನೂ ಕೆಂಪಗಿತ್ತು.

"ಬತೂಲ್ ಖಾನುಂ, ಸತ್ತವರು ಇವಳ ಕನ್ನಡೀಲಿ ಇದಾರೆ. ಹುಡುಗಿ ನಿದ್ದೆ ಬಿಟ್ಟಿದಾಳೆ. ಆ ಫೋಟೋ, ಅದರ ನೆಗೆಟಿವು, ಎರಡನ್ನೂ ಸುಟ್ಟುಬಿಡಿ."

"ನನಗೆ ಅದೊಂದೇ ಇರೋದು."

"ಗೋಡೆ ಮೇಲೆ ಅವರದ್ದೊಂದು ಹಾಕಿದೀರಲ್ಲ."

"ಅದು ಅವರಲ್ಲ. ಬೇಕಾದ್ರೆ ಅವರಷ್ಟನ್ನು ಕತ್ತರಿಸಿ ಇಟ್ಕೋತೀನಿ."

"ನಡುವೆ ಕತ್ತರಿ ಆಡಿಸಿದ್ರೆ ಗಂಡ ಹೆಂಡ್ತೀನ ಕತ್ತರಿಸಿದ ಹಾಗಲ್ವಾ?"

ಸಕ್ಕರೆ ತಿಂದವರು ಯಾರು ಅಂತ ಕೇಳುವ ಮಾತು ಬಾಯಿಗೆ ಬಂತು. ಇವರು ಹೇಳಬೇಡ ಅಂದಿದ್ದರು. ಚಹಾ ಕುಡಿದೆ.

ಮಹೀನ್ ತಲೆ ಎತ್ತಲೇ ಇಲ್ಲ. "ಖಾಲಾ, ನಮ್ಮನೆಯವರು ಕೆಲಸಕ್ಕೆ ಹೋದ್ರೆ ನಾನು ಬಾಗಿಲಲ್ಲೇ ಕೂತಿರ್ತೀನಿ. ತಡ ಆದ್ರೆ ಬೀದಿ ತುದಿವರೆಗೂ ಹೋಗಿ ನೋಡ್ತೀನಿ. ವಾಪಸ್ ಬರ್ತಾರೋ ಇಲ್ವೋ ಅಂತ."

ನನ್ನವರು ರೊಟ್ಟಿಗೆ ಹೋದದ್ದು. ಅವತ್ತು ನಾನೂ ಬಾಗಿಲು ನೋಡುತ್ತಿದ್ದೆ.

ಎದ್ದು ಹೋಗಿ ಎರಡನ್ನೂ ತಂದೆ. ಕೆಂಡದ ಮೇಲೆ ನಾನೇ ಹಾಕಿದೆ. ಹೇಗೆ ಉರಿಯಿತೆಂದು ನೋಡಲಿಲ್ಲ. ವಾಸನೆ ಬಂತು. ಇಶ್ರತ್ ಖಾನುಂ ನನ್ನ ಹಣೆಗೆ ಮುತ್ತಿಟ್ಟರು. ಮಹೀನ್ ನನ್ನ ಕೈ ಹಿಡಿದುಕೊಂಡು ತುಂಬಾ ಹೊತ್ತು ಬಿಡಲಿಲ್ಲ. ಅವಳಿಗೆ ಅವತ್ತು ನಿದ್ದೆ ಬಂತಂತೆ. ಒಳ್ಳೆಯದಾಯಿತು. ನನಗೆ ಬರಲಿಲ್ಲ.

ಅವರ ಮುಖ ಈಗ ಪೂರ್ತಿ ನೆನಪಾಗುವುದಿಲ್ಲ. ಒಮ್ಮೊಮ್ಮೆ ಬರೀ ಕಿವಿ, ಬರೀ ಮೀಸೆ.

ಅವರ ಫೋಟೋ ಅಂಗಡಿಯನ್ನು ಯಾರಿಗೂ ಕೊಟ್ಟಿಲ್ಲ. ಮುಂದಿನ ಗಾಜಿನೊಳಗೆ ಮದುವೆ ಕನ್ನಡಿಗಳ ಫೋಟೋ ಹಾಗೇ ಇವೆ. ಎಲ್ಲದರಲ್ಲೂ ಇಬ್ಬಿಬ್ಬರು. ಈ ಊರಿನ ಮರಳು ಒಂದು ದಿನ ಬಿಟ್ಟರೂ ಗಾಜನ್ನು ಮುಚ್ಚಿಬಿಡುತ್ತದೆ. ಬಿಸಿಲೇರುವ ಮೊದಲು ಬೀದಿಗೆ ನೀರು ಚಿಮುಕಿಸಿ ಧೂಳು ಅಡಗಿಸುತ್ತೇನೆ. ಆಮೇಲೆ ಹಳೆ ಪತ್ರಿಕೆ ನೆನೆಸಿ ಗಾಜು ಒರೆಸುತ್ತೇನೆ, ಮೊದಲು ಹೊರಗೆ, ಆಮೇಲೆ ಒಳಗೆ.