ದಂತವೈದ್ಯರ ಹಿತ್ತಿಲಿನ ಪಟ್ಟೆ ಪಾಮ್

ನೀರಿನ ಮೀಟರ್ ಓದುವ ಆ ಮನುಷ್ಯನಿಗೆ ಬೀದಿಯವರು ಗರಿಯಪ್ಪ ಎಂದು ಹೆಸರಿಟ್ಟಿದ್ದರು. ಅವನ ತಾರಸಿಯಲ್ಲಿ ಎಪ್ಪತ್ತು ಪಾಮ್ ಕುಂಡಗಳಿದ್ದವು, ಬಚ್ಚಲುಮನೆಯಲ್ಲಿ ಇನ್ನೂ ನಾಲ್ಕು. ಇಪ್ಪತ್ತೆಂಟು ವರ್ಷದಿಂದ ಅವನು ಪಾಮ್ ಬಗ್ಗೆ ಮಾತಾಡುತ್ತಲೇ ಇದ್ದ, ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಅವನು ಶುರುಮಾಡಿದರೆ ಭಾವಮೈದುನನಿಗೆ ಫೋನ್ ಬರುತ್ತಿತ್ತು, ಮಗಳಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಹೆಂಡತಿ ಎದ್ದು ಹೋಗುತ್ತಿರಲಿಲ್ಲ, ಕೂತಲ್ಲೇ ನಿದ್ದೆಹೋಗುತ್ತಿದ್ದಳು. ಪಾಪ, ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದರೂ ನಾಲಿಗೆ ಸುಮ್ಮನಿರಬೇಕಲ್ಲ.

ಅಂಥವನು ಒಂದು ದಿನ ದಂತವೈದ್ಯರ ಹಿತ್ತಿಲಲ್ಲಿ ಮೀಟರಿನ ಮುಚ್ಚಳ ಎತ್ತಲು ಬಗ್ಗಿದಾಗ ಗೋಡೆಯ ಪಕ್ಕದ ಪಾಮ್ ಕಂಡು ಎದ್ದು ನಿಲ್ಲುವುದನ್ನೇ ಮರೆತ. ಹಸಿರು ಗರಿಗಳ ಮೇಲೆ ಸುಣ್ಣ ಎಳೆದ ಹಾಗೆ ಬಿಳಿ ಪಟ್ಟೆ! ಆ ಜಾತಿಯನ್ನು ಅವನು ಚಿತ್ರದಲ್ಲಷ್ಟೇ ನೋಡಿದ್ದ. ಸಾಲದ್ದಕ್ಕೆ ಅದು ಕಾಯಿ ಬೇರೆ ಬಿಟ್ಟಿತ್ತು. ಬಟಾಣಿ ಗಾತ್ರದ ಹಸಿರು ಕಾಯಿಗಳ ಒಂದೇ ಒಂದು ಗೊನೆ.

ಕೆಂಪಾಗುವ ಮೊದಲು ಕಿತ್ತರೆ ಬೀಜ ಮೊಳೆಯುವುದಿಲ್ಲ, ಕೆಂಪಾದ ಮೇಲೆ ಹಕ್ಕಿಗಳು ಬಿಡುವುದಿಲ್ಲ. ಹಾಗಾಗಿ ಆಗಾಗ ಬಂದು ನೋಡಲೇಬೇಕು. ಮೀಟರಿನ ಸರದಿಯೋ ಎರಡು ತಿಂಗಳಿಗೊಮ್ಮೆ. ಬಾಯಿಬಿಟ್ಟು ಕೇಳಬಹುದಿತ್ತಲ್ಲ ಎನ್ನುತ್ತೀರಿ. ಪಾಮ್ ಹುಚ್ಚಿನವರು ಏನು ಬೇಕಾದರೂ ಮಾಡಿಯಾರು, ಅದೊಂದನ್ನು ಮಾಡುವುದಿಲ್ಲ. ಕೇಳಿದ ಕೂಡಲೇ ಗಿಡದವರಿಗೆ ಅದರ ಬೆಲೆ ತಿಳಿದು ಸುತ್ತ ಬೇಲಿ ಏಳುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ಆದ್ದರಿಂದ ಗರಿಯಪ್ಪ ಹಲ್ಲುನೋವು ಬರಿಸಿಕೊಂಡ.

"ನಿಮ್ಮ ಹಲ್ಲಲ್ಲಿ ಕಲ್ಲೂ ಅಗೀಬಹುದು, ಅದಕ್ಕೆಂಥ ನೋವು?" ಎಂದಳು ಹೆಂಡತಿ.

"ಒಳಗೊಳಗೇ ನೋವು ಕಣೇ."

ದಂತವೈದ್ಯರ ಕುರ್ಚಿಯಲ್ಲಿ ಒರಗಿದರೆ ಕಿಟಕಿಯಾಚೆ ಗೊನೆ ನೇರ ಕಾಣುತ್ತಿತ್ತು. ಮೊದಲನೇ ಸಲ ಹಲ್ಲು ಸ್ವಚ್ಛ ಮಾಡಿಸಿಕೊಂಡ. ಎರಡನೇ ಸಲ ಎಕ್ಸ್‌ರೇ. ಮೂರನೇ ಸಲ ಕಾಯಿ ಹಳದಿಗೆ ತಿರುಗಿದ್ದು ಕಂಡು, ಬಾಯಿ ತೆರೆದುಕೊಂಡೇ ನಕ್ಕುಬಿಟ್ಟ. ನಾಲ್ಕನೇ ಸಲ ಡಾಕ್ಟರಮ್ಮನಿಗೇ ಸಂಕೋಚವಾಯಿತು.

"ಇಷ್ಟು ಸಲ ಬಂದಿದ್ದೀರಿ, ಸುಮ್ಮನೆ ಕಳಿಸೋಕೆ ನಂಗೂ ಬೇಜಾರು. ಕೆಳಗಡೆ ಒಂದು ಚಿಕ್ಕ ತೂತಿದೆ, ತುಂಬಿಬಿಡ್ತೀನಿ" ಎಂದು ಸೂಜಿ ಚುಚ್ಚಿದರು.

ದವಡೆ ಜೋಮು ಹಿಡಿಯುತ್ತಿದ್ದಂತೆ ಅವನು ಕಿಟಕಿಯತ್ತ ಕಣ್ಣು ಹಾಯಿಸಿದ. ಗೊನೆ ಕೆಂಪಗಾಗಿತ್ತು. ಅದರ ಪಕ್ಕಕ್ಕೇ ಏಣಿ ಇಟ್ಟು, ಕೈಯಲ್ಲಿ ಕುಡುಗೋಲು ಹಿಡಿದು, ತೋಟದ ಮಾಲಿ ಹತ್ತುತ್ತಿದ್ದ.

ಗರಿಯಪ್ಪ ಬಿದ್ದಂಬೀಳ ಓಡಿದ. ಕೊರಳಲ್ಲಿ ನೀಲಿ ಕಾಗದದ ಬಟ್ಟೆ, ಕೆನ್ನೆಯೊಳಗೆ ಹತ್ತಿ. ಅವನು ಏಣಿಯ ಬುಡಕ್ಕೆ ಬರುವಷ್ಟರಲ್ಲಿ ಗೊನೆ ಮಾಲಿಯ ಕೈಯಲ್ಲಿತ್ತು. ಎಲ್ಲ ಮುಗಿಯಿತು, ಇನ್ನು ಕಸದ ಗುಂಡಿಗೇ ಎಂದುಕೊಂಡ ಅವನಿಗೆ ನಿಜಕ್ಕೂ ಅಳು ಬಂತು.

ಮಾಲಿ ನಿಧಾನವಾಗಿ ಇಳಿದು ಅವನನ್ನು ಮೇಲಿಂದ ಕೆಳಗೆ ನೋಡಿದ.

"ನಿಮಗೂ ಇದರ ಮೇಲೆ ಕಣ್ಣಿತ್ತಾ? ಬನ್ನಿ, ಹಂಚಿಕೊಳ್ಳೋಣ. ಮೂರು ವರ್ಷದಿಂದ ನಾನೂ ಇದರ ಬೀಜ ಹಾಕ್ತಾನೇ ಇದ್ದೀನಿ. ಒಂದೂ ಮೊಳೀಲಿಲ್ಲ. ಯಾರನ್ನ ಕೇಳೋದು ಅಂತಾನೂ ಗೊತ್ತಿಲ್ಲ. ನಿಮಗೆ ಗೊತ್ತಿದ್ರೆ ಹೇಳಿ ಅಣ್ಣಾ. ಮೊದಲಿಂದ ಹೇಳಿ, ಒಂದೂ ಬಿಡಬೇಡಿ."

ಒಂದೂ ಬಿಡಬೇಡಿ ಎಂದು ಗರಿಯಪ್ಪನಿಗೆ ಹೇಳಿದ ಮನುಷ್ಯ ಈ ಭೂಮಿಯ ಮೇಲೆ ಇವನೊಬ್ಬನೇ. ಸಿಪ್ಪೆ ಬಿಡಿಸುವುದು, ನೆನೆಸುವುದು, ದಿನಾ ನೀರು ಬದಲಿಸುವುದು, ಬೆಚ್ಚಗಿಡುವುದು, ಎಲ್ಲ ಒಟ್ಟಿಗೆ ಗಂಟಲಿಗೆ ನುಗ್ಗಿತು. ಬಾಯಿ ತೆರೆದ. ನಾಲಿಗೆ ಒದ್ದೆ ಬಟ್ಟೆಯಂತೆ ಬಿದ್ದೇ ಇತ್ತು. ಜೊಲ್ಲು ಮಾತ್ರ ಸುರಿಯಿತು.

"ಎರಡು ಗಂಟೆ ಮಾತಾಡೋಕಾಗಲ್ಲ ಅವರಿಗೆ" ಎಂದರು ಬಾಗಿಲಲ್ಲಿ ನಿಂತ ಡಾಕ್ಟರಮ್ಮ.

ಮಾಲಿ ಒಂದು ಬಕೆಟ್ಟನ್ನು ಬೋರಲು ಹಾಕಿ, ಒರೆಸಿ, ಗರಿಯಪ್ಪನನ್ನು ಕೂರಿಸಿದ. ತಾನು ಗೊನೆಯನ್ನು ತೊಡೆಯ ಮೇಲಿಟ್ಟುಕೊಂಡು ಏಣಿಯ ಕೆಳಮೆಟ್ಟಿಲ ಮೇಲೆ ಕೂತ.

"ಎರಡು ಗಂಟೆ ತಾನೇ? ಕಾಯ್ತೀನಿ" ಎಂದ.