ನೀಲಕಂಠಣ್ಣನ ಕಪಾಟಿನಲ್ಲಿ ತೆರೆಯದ ಕ್ಯಾಮೆರಾ

ಶಹಾಪುರದ ಹಳೇ ಪೇಟೆಯ ಮನೆಯಲ್ಲಿ ನಸುಕಿಗೇ ಎದ್ದ ನೀಲಕಂಠಣ್ಣ ದೇವರ ಮುಂದೆ ನಿಲ್ಲುವ ಮೊದಲು ಗಾಜಿನ ಕಪಾಟಿನ ಮುಂದೆ ನಿಲ್ಲುತ್ತಾರೆ. ಒಳಗೊಂದು ಸಣ್ಣ ಬಲ್ಬು ಸದಾ ಉರಿಯುತ್ತಿರುತ್ತದೆ. ಅದರ ಬಿಸುಪಿನಲ್ಲಿ ಡಬ್ಬಿಯಂಥ ಹಳೇ ಕ್ಯಾಮೆರಾದಿಂದ ಹಿಡಿದು ಅವರು ಕೊಂಡ ಮೊದಲ ಡಿಜಿಟಲ್‌ವರೆಗೆ ಎಲ್ಲವೂ ಸಾಲಾಗಿ ಕೂತಿವೆ. ಟಾರ್ಚ್ ಹಿಡಿದು ಒಂದೊಂದರ ಲೆನ್ಸಿನೊಳಗೂ ಇಣುಕುತ್ತಾರೆ. ಕಾಲುವೆ ಬಂದ ಮೇಲೆ ಊರ ಸುತ್ತ ಭತ್ತ ಬಂತು, ಗದ್ದೆಯ ತೇವಕ್ಕೆ ಲೆನ್ಸಿಗೆ ಬೂಷ್ಟೂ ಬಂತು.

"ಕರೆಂಟ್ ಹೋತಂದ್ರ ಎದಿ ಧಸಕ್ ಅಂತದ್ರಿ," ಎನ್ನುತ್ತಾರೆ. "ಒಂದಕ್ಕ ಬೂಷ್ಟು ಹತ್ತಿದ್ರ ಎಲ್ಲಾದಕ್ಕೂ ಹತ್ತತದ."

ಸುರಪುರ, ಯಾದಗಿರಿಯ ಮದುವೆಗಳಲ್ಲಿ ಮದುಮಗನಿಗಿಂತ ಹೆಚ್ಚಾಗಿ ಫೋಟೊ ತೆಗೆಯುವ ಇವರ ದಾರಿ ಕಾಯುತ್ತಿದ್ದ ಕಾಲವಿತ್ತು. ಈಗ ಎಲ್ಲರ ಜೇಬಲ್ಲೂ ಮೊಬೈಲು. ಹಳೆಯದನ್ನು ಮಾರಿ ಎಂದರೆ ನಗುತ್ತಾರೆ. ಆದರೆ ಮೂಲೆಯ ಕರಿಯ ಕ್ಯಾಮೆರಾದ ಮಾತೆತ್ತಿದರೆ ಆ ನಗು ಆರಿಹೋಗುತ್ತದೆ.

ಅದರೊಳಗೆ ಭೀಮಾ ನದಿಯ ಮೀನುಗಾರ ದುರಗಪ್ಪನಿದ್ದಾನೆ. ಎಷ್ಟೋ ವರ್ಷದ ಹಿಂದೆ ಹರಿಗೋಲಿನ ಪಕ್ಕ ನಿಲ್ಲಿಸಿ ಫೋಟೊ ತೆಗೆದ ಮರುಗಳಿಗೆಯೇ ರೀಲು ಸಿಕ್ಕಿಕೊಂಡಿತು. ಮುಂದಿನ ವಾರ ಹೊಳೆ ಅವನನ್ನು ಒಯ್ದಿತು, ಹೆಣವೂ ಸಿಗಲಿಲ್ಲ. ಅವನದು ಬೇರೆ ಫೋಟೊ ಇಲ್ಲ. ಕತ್ತಲಲ್ಲೂ ಎಲ್ಲೋ ಒಂಚೂರು ಬೆಳಕು ಬಿದ್ದರೆ ಅಳಿಸಿಹೋಗುವ ಭಯಕ್ಕೆ ನೀಲಕಂಠಣ್ಣ ಕ್ಯಾಮೆರಾ ತೆರೆಯಲೇ ಇಲ್ಲ. "ತೆಗೀದೇ ಇದ್ರ ಒಳಗ ಅದಾನ ಅನ್ಕೊಂಡಾರ ಇರಬಹುದು. ತೆಗದು ಖಾಲಿ ಇದ್ರ, ಅವನ ಹೆಂಡ್ತಿಗಿ ಏನಂತ ಹೇಳ್ಲಿ?"

ಮೊನ್ನೆ ಆ ಲೆನ್ಸಿಗೂ ಬೂಷ್ಟು ಹತ್ತಿದೆ. ಇನ್ನು ತಡಮಾಡಿದರೆ ಒಳಗಿನ ರೀಲೂ ಉಳಿಯದು. ಅವರೇ ಹೇಳಿ ಕಳಿಸಿದ್ದಕ್ಕೆ ದುರಗಪ್ಪನ ಹೆಂಡತಿ ಗೊಲ್ಲಾಳಮ್ಮ ಮೊದಲ ಬಸ್ಸಿಗೇ ಬಂದು ಹೊಸ್ತಿಲ ಬಳಿ ಕೂತಿದ್ದಾಳೆ.

ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಡಿಕೆ ಮಡಿಕೆಯಾಗಿ ಹೊದಿಸಿದ ಕೌದಿಗಳ ಕೆಳಗೆ ನೀಲಕಂಠಣ್ಣ ಎರಡೂ ಕೈ ತೂರಿಸುತ್ತಾರೆ. ಕತ್ತಲಕೋಣೆ ಇಲ್ಲದ ಹಳ್ಳಿಗಳಲ್ಲಿ ರೀಲು ಬದಲಿಸುತ್ತಿದ್ದುದು ಹೀಗೆಯೇ. ಹಣೆಯ ಬೆವರು ಕೌದಿಗೆ ತೊಟ್ಟಿಕ್ಕುತ್ತದೆ. ಬೆರಳಿಗೆ ಸಿಕ್ಕಿದ ರೀಲು ಒಣ ಎಲೆಯಂತೆ ಚಟಚಟ ಎನ್ನುತ್ತದೆ. ತಡವರಿಸುತ್ತಲೇ ಅದನ್ನು ಬೆಳಕು ಹೋಗದ ಡಬ್ಬಿಗೆ ಸೇರಿಸಿ ಮುಚ್ಚಳ ಬಿಗಿಯುತ್ತಾರೆ. ಕೌದಿ ಸರಿಸಿ, ಫೋಟೊ ಮೂಡಿಸುವ ಔಷಧ ಬೆರೆಸಿದ ನೀರಿನ ತಂಬಿಗೆ ಎತ್ತುತ್ತಾರೆ.

ಗೊಲ್ಲಾಳಮ್ಮ ಧಾವಿಸಿ ಬಂದು ಅವರ ಕೈ ಹಿಡಿಯುತ್ತಾಳೆ. "ನೀರು ಹಾಕಬ್ಯಾಡಣ್ಣಾ! ಒಮ್ಮಿ ನೀರೇ ಒಯ್ದದ."

ನೀಲಕಂಠಣ್ಣ ಎತ್ತಿದ ತಂಬಿಗೆ ಇಳಿಸುತ್ತಾರೆ. "ನೀರಿಗಿ ಹಾಕದೇ ಫೋಟೊ ಬರಂಗಿಲ್ಲ ತಂಗಿ. ನನಗೂ ಅಂಜಿಕಿ ಅದ."

ಬಹಳ ಹೊತ್ತಿನ ಮೇಲೆ ಅವಳ ಹಿಡಿತ ಸಡಿಲುತ್ತದೆ. ನೀಲಕಂಠಣ್ಣ ಒಂದಾದ ಮೇಲೊಂದು ಔಷಧದ ನೀರು ಸುರಿದು ಡಬ್ಬಿ ಅಲ್ಲಾಡಿಸುತ್ತಾರೆ.

ರೀಲು ಹೊರಗೆ ಬರುತ್ತದೆ. ಬಹುಪಾಲು ಬರೀ ಮಂಜು. ನೀಲಕಂಠಣ್ಣನ ಮುಖ ಸಣ್ಣದಾಗುತ್ತದೆ. ಕಟ್ಟಕಡೆಯ ಚೌಕದಲ್ಲಿ ಮಾತ್ರ ಹರಿಗೋಲಿನ ಗುಂಡು ಅಂಚು, ಪಕ್ಕದಲ್ಲೊಬ್ಬ ಮನುಷ್ಯ. ನೆಗೆಟಿವನ್ನು ಬೆಳಕಿಗೆ ಹಿಡಿದರೆ ತಲೆಗೆ ಸುತ್ತಿದ ಬಿಳಿ ಪಟಗ ಕಪ್ಪಾಗಿ, ಕರಿಯ ಮುಖ ಬೆಳ್ಳಗೆ ಕಾಣುತ್ತದೆ. ಗೊಲ್ಲಾಳಮ್ಮನಿಗೆ ಯಾರೂ ಗುರುತು ಹೇಳಬೇಕಿಲ್ಲ.

ರೀಲನ್ನು ಹಗ್ಗಕ್ಕೆ ಸಿಕ್ಕಿಸಿದ ನೀಲಕಂಠಣ್ಣ, ಜಲ್ದಿ ದೊಡ್ಡ ಫೋಟೊ ಮಾಡಿಸಿಕೊಡುತ್ತೇನೆ ಎನ್ನುತ್ತಾರೆ. ತೊಟ್ಟಿಕ್ಕುವ ಹನಿಗಳ ಕೆಳಗೆ ಸೆರಗು ಹಿಡಿದು ನಿಂತವಳು ತಿರುಗಿ ನೋಡುವುದಿಲ್ಲ.

"ಗಡಿಬಿಡಿ ಮಾಡಬ್ಯಾಡಣ್ಣಾ. ಮೊದಲ ಅವರ ಮೈ ಒಣಗಲಿ."